ಕರ್ನಾಟಕದ ವೈನ್, ವೈನರಿ ಮತ್ತು ಕಾಕ್‌ಟೇಲ್ ತಾಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸುತ್ತಮುತ್ತ ಬೆಳೆಯುವ ದ್ರಾಕ್ಷಿಯ ವೈನನ್ನು ಹಲವು ವರ್ಷಗಳಿಂದ ಆಸಕ್ತಿಯಿಂದ ಕುಡಿಯುತ್ತ, ಸ್ನೇಹಿತರನ್ನು ತೋಟಗಳಿಗೆ ಕರೆದುಕೊಂಡು ಹೋಗುತ್ತ ಬಂದಿರುವ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನಾನು ಕೊಡುತ್ತಿರುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇವು 21 ವರ್ಷ ದಾಟಿದವರಿಗಾಗಿ ಮಾತ್ರ.

ಕರ್ನಾಟಕದಲ್ಲಿ ನಿಜಕ್ಕೂ ಒಳ್ಳೆಯ ವೈನ್ ತಯಾರಾಗುತ್ತದೆಯೇ?

ತಯಾರಾಗುತ್ತದೆ, ಅದೂ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಪರಿಣತ ಜಾರ್ಜ್ ವೆಸೆಲ್ ಅವರ ನೆರವಿನೊಂದಿಗೆ ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಫ್ರೆಂಚ್ ತಳಿಯ ಬಳ್ಳಿಗಳನ್ನು ನೆಟ್ಟರು. ಅವರ ಮೊದಲ ವೈನ್ 1992ರಲ್ಲಿ ಹೊರಬಂತು. ಫ್ರಾನ್ಸಿನ ಬೋರ್ದೋ ಸೀಮೆಯ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾನ್ ಈ ತೋಟಕ್ಕೆ ಬಂದು ಕೈಜೋಡಿಸಿದ್ದು ಆ ಬಳಿಕ. ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ಎಂಬ ದ್ರಾಕ್ಷಿ ತಳಿಗಳನ್ನು ಸೇರಿಸಿ ಮಾಡುವ ಗ್ರೋವರ್ ಅವರ ‘ಲಾ ರಿಸರ್ವ್’ ಎಂಬ ಕೆಂಪು ವೈನು, ಭಾರತದಲ್ಲಿ ಗಂಭೀರವಾದ ವೈನ್ ಸಾಧ್ಯ ಎಂದು ಹೊರದೇಶದ ರಸಿಕರಿಗೂ ಮನವರಿಕೆ ಮಾಡಿಕೊಟ್ಟಿತು. 2012ರಲ್ಲಿ ಈ ಸಂಸ್ಥೆ ನಾಸಿಕ್ ಕಡೆಯ ವೈನರಿಯೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ಇನ್ನಷ್ಟು ಮಂದಿ ಈ ಕೆಲಸಕ್ಕೆ ಇಳಿದರು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ಮೂರು ಸೀಮೆಗಳನ್ನು ಗುರುತಿಸಿದ್ದು ಆ ಹೊತ್ತಿನಲ್ಲೇ. ಮಂಡ್ಯದ ಕಬ್ಬು, ಚಿಕ್ಕಮಗಳೂರಿನ ಕಾಫಿ ಎಂದು ನಾವು ಹೇಗೆ ಊರಿನ ಹೆಸರನ್ನು ಬೆಳೆಯ ಜೊತೆ ಸೇರಿಸಿ ಹೇಳುತ್ತೇವೆಯೋ ಹಾಗೆಯೇ ನಂದಿಯ ವೈನ್ ಎಂದು ಹೇಳುವ ದಿನ ಬಂದಿದೆ ಎಂಬುದು ನನ್ನ ನಂಬಿಕೆ.

ಸಂತೆಯಲ್ಲಿ ಸಿಗುವ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೇ ಈ ವೈನ್ ಮಾಡುತ್ತಾರೆಯೇ?

ಬಹುತೇಕ ಇಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಚಪ್ಪರದಲ್ಲಿ ಬೆಳೆಯುವ ಬೆಂಗಳೂರು ನೀಲಿ, ಸಿಪ್ಪೆ ದಪ್ಪಗಿದ್ದು ತಿರುಳು ಜಾರಿ ಬರುವ, ಬೀಜವಿರುವ ಹಣ್ಣು. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಅದು ಲಬ್ರುಸ್ಕಾ ಎಂಬ ಅಮೆರಿಕ ಮೂಲದ ಜಾತಿಗೆ ಹತ್ತಿರದ್ದು. ಅದರ ಘಾಟಾದ ಸಿಹಿ ವಾಸನೆ ಜ್ಯೂಸಿಗೆ, ಜಾಮಿಗೆ, ಸಿಹಿಯಾದ ಅಗ್ಗದ ವೈನಿಗೆ ಒಗ್ಗುತ್ತದೆ. ಊಟದ ಜೊತೆ ಕುಡಿಯುವ ಒಣ, ಅಂದರೆ ಸಿಹಿಯಿಲ್ಲದ, ವೈನ್‌ಗಳಿಗೆ ಬಳಸುವುದು ವಿನಿಫೆರಾ ಜಾತಿಯ ತಳಿಗಳನ್ನು. ನಮ್ಮಲ್ಲಿ ಕೆಂಪಿಗೆ ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್, ಬಿಳಿಗೆ ಸೋವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ, ವಿಯೋನ್ಯೆ ಹೆಚ್ಚು ಕಾಣುತ್ತವೆ. ಈ ಹಣ್ಣುಗಳು ಬಟಾಣಿಗಿಂತ ತುಸು ದೊಡ್ಡವು ಅಷ್ಟೇ. ಸಿಪ್ಪೆ ಮತ್ತು ಬೀಜದ ಪಾಲು ಹೆಚ್ಚಿರುವುದರಿಂದಲೇ ಬಣ್ಣ, ಘಮ, ಒಗರು ವೈನಿಗೆ ಇಳಿಯುತ್ತವೆ.

ಹಿಮವೇ ಬೀಳದ ನಾಡಿನಲ್ಲಿ ಯುರೋಪಿನ ಬಳ್ಳಿ ಹೇಗೆ ಬದುಕುತ್ತದೆ?

ಸ್ಥಳೀಯ ವೈನನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ, ವಸಂತದಲ್ಲಿ ಚಿಗುರಿ, ಬೇಸಿಗೆಯಲ್ಲಿ ಕಾಯಿ ಕಟ್ಟಿ, ತಂಪೇರುವ ಹೊತ್ತಿಗೆ ಹಣ್ಣಾಗುತ್ತದೆ. ನಮ್ಮ ಬಳ್ಳಿಗೆ ಆ ನಿದ್ದೆ ಇಲ್ಲ. ಬಿಟ್ಟರೆ ವರ್ಷವಿಡೀ ಎಲೆ ಬಿಡುತ್ತಲೇ ಇರುತ್ತದೆ. ಹೀಗಾಗಿ ನಮ್ಮ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರು ಇದನ್ನು ಏಪ್ರಿಲ್ ಚಾಟಣಿ, ಅಕ್ಟೋಬರ್ ಚಾಟಣಿ ಎಂದು ಕರೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಮಾಡುವ ಏಪ್ರಿಲ್ ಚಾಟಣಿಯಲ್ಲಿ ಕಡ್ಡಿಯನ್ನು ಬುಡದ ಹತ್ತಿರಕ್ಕೆ ಸವರಿಬಿಡುತ್ತಾರೆ. ಮಳೆಗಾಲದಲ್ಲಿ ಹೊಸ ಕಡ್ಡಿ ಬೆಳೆದು ಅದರ ಕಣ್ಣುಗಳೊಳಗೆ ಮುಂದಿನ ಗೊನೆ ರೂಪುಗೊಳ್ಳುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಕೆಲವೇ ಕಣ್ಣುಗಳನ್ನು ಉಳಿಸಿ ಎರಡನೆಯ ಚಾಟಣಿ ಮಾಡುತ್ತಾರೆ. ಹಣ್ಣು ಬಿಡುವುದು ಇದರ ಮೇಲೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಳಿಗೆ ತಕ್ಕಂತೆ ಕೊಯ್ಲು.

ಇದರ ಫಲವಾಗಿ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಹುಟ್ಟುತ್ತದೆ. ಫ್ರಾನ್ಸಿನ ದ್ರಾಕ್ಷಿ ತಂಪಿನ ಕಡೆಗೆ ಹಣ್ಣಾದರೆ ನಮ್ಮದು ಬೇಸಿಗೆಯ ಕಡೆಗೆ ಹಣ್ಣಾಗುತ್ತದೆ. ಮಾರ್ಚ್ ಮುಂದುವರಿದಂತೆ ಬಿಸಿಲು ಏರುತ್ತದೆ, ಸಕ್ಕರೆ ಬೇಗ ತುಂಬುತ್ತದೆ, ಹುಳಿ ಬೇಗ ಕರಗುತ್ತದೆ. ಹುಳಿ ಹೋದರೆ ವೈನ್ ಸಪ್ಪೆ. ನಂದಿಯ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಜನವರಿ ಮತ್ತು ಫೆಬ್ರವರಿಯ ರಾತ್ರಿಗಳು ತಂಪಾಗಿರುವುದರಿಂದ ಆ ಹುಳಿ ಒಂದಿಷ್ಟು ದಿನ ನಿಲ್ಲುತ್ತದೆ. ಹಣ್ಣನ್ನು ಯಾವ ದಿನ ಕೀಳಬೇಕು ಎಂಬ ತೀರ್ಮಾನದಲ್ಲಿ ನಾಲ್ಕು ದಿನ ಹೆಚ್ಚುಕಡಿಮೆಯಾದರೂ ಬಾಟಲಿಯ ರುಚಿ ಬೇರೆಯಾಗುತ್ತದೆ. ನಮ್ಮ ವೈನನ್ನು ಬೋರ್ದೋದ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಇದು ಬಿಸಿಲು ಏರುವ ನಾಡಿನ ವೈನ್. ಮಾಗಿದ ಹಣ್ಣಿನ ರುಚಿ, ಮೆತ್ತನೆಯ ಒಗರು, ಬೇಗ ಕುಡಿಯಲು ಸಿದ್ಧವಾಗುವ ಗುಣ ಇದಕ್ಕೆ ಸಹಜ.

ಬೆಂಗಳೂರಿನಿಂದ ಹೋಗಿಬರಬಹುದಾದ ವೈನರಿಗಳು ಯಾವುವು?

ಮೊದಲ ಬಾರಿಗೆ ಹೋಗುವವರಿಗೆ ನಾನು ಹೇಳುವುದು ಗ್ರೋವರ್ ಜಂಪಾ. ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿದೆ. ಯಲಹಂಕ, ರಾಜಾನುಕುಂಟೆ ದಾಟಿ ಹೋದರೆ ನಗರದ ಮಧ್ಯಭಾಗದಿಂದ ಒಂದೂವರೆ ಗಂಟೆಯ ದಾರಿ. ಬಳ್ಳಿಗಳ ಸಾಲು, ಹಣ್ಣು ಹಿಂಡುವ ಯಂತ್ರ, ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳ ತಂಪು ಕೋಣೆ ಎಲ್ಲವನ್ನೂ ತೋರಿಸಿ ಕೊನೆಗೆ ರುಚಿ ನೋಡಿಸುತ್ತಾರೆ. ಮೊದಲೇ ಕಾಯ್ದಿರಿಸಿಕೊಂಡು ಹೋಗಬೇಕು, ವಾರಾಂತ್ಯದಲ್ಲಂತೂ ಕಡ್ಡಾಯ. ಅದೇ ನಂದಿ ಸೀಮೆಯಲ್ಲಿ ಎಸ್‌ಡಿಯು ಎಂಬ ಚಿಕ್ಕ ವೈನರಿ ಇದೆ. ಅದರ ‘ದೇವ’ ಹೆಸರಿನ ಸಿರಾ (ಶಿರಾಜ್‌ಗೇ ಇನ್ನೊಂದು ಹೆಸರು) ನನಗೆ ಬಹಳ ಇಷ್ಟ.

ಮೈಸೂರು ರಸ್ತೆಯ ಕಡೆ ಹೋಗುವವರಿಗೆ ಚನ್ನಪಟ್ಟಣದ ಬಳಿ ಡೊಮೇನ್ ಸುಲಾ ಸಿಗುತ್ತದೆ. ಹಿಂದೆ ಹೆರಿಟೇಜ್ ಎಂಬ ಹೆಸರಿನಲ್ಲಿದ್ದ ಈ ವೈನರಿಯನ್ನು ನಾಸಿಕ್‌ನ ಸುಲಾ ಸಂಸ್ಥೆ ಕೊಂಡುಕೊಂಡಿತು. ಮಕ್ಕಳು, ಹಿರಿಯರು ಸೇರಿ ಹೋಗುವ ಕುಟುಂಬಗಳಿಗೆ ಇದು ಅನುಕೂಲ. ಕುಡಿಯದವರೂ ಊಟ ಮಾಡಿ, ಗೊಂಬೆ ಅಂಗಡಿಗಳನ್ನು ನೋಡಿಕೊಂಡು ಬರಬಹುದು. ಇನ್ನು ಬಿಗ್ ಬ್ಯಾನಿಯನ್ ವೈನ್‌ಗಳ ಹೆಸರು ನಮ್ಮ ಕೇತೋಹಳ್ಳಿಯ ದೊಡ್ಡ ಆಲದ ಮರದಿಂದ ಬಂದದ್ದು. ತಡವಾಗಿ ಕೊಯ್ದ ಮಸ್ಕಟ್ ದ್ರಾಕ್ಷಿಯಿಂದ ಅವರು ಮಾಡುವ ‘ಬೆಲ್ಲಿಸಿಮಾ’ ಊಟದ ಕೊನೆಯಲ್ಲಿ ಕುಡಿಯುವ ಸಿಹಿ ವೈನ್.

ದೂರ ಹೋಗಲು ಸಿದ್ಧರಿರುವವರು ಉತ್ತರ ಕರ್ನಾಟಕದ ಕಡೆ ನೋಡಬೇಕು. ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಷ್ಮಾ ಎಸ್ಟೇಟ್ಸ್, ‘ಹಂಪಿ ಹಿಲ್ಸ್’ ಎಂಬ ಗುರುತಿನೊಂದಿಗೆ ತನ್ನದೇ ತೋಟದ ಹಣ್ಣಿನಿಂದ ಮಿತ ಪ್ರಮಾಣದಲ್ಲಿ ವೈನ್ ಮಾಡುತ್ತದೆ. ಅವರ ಕ್ಯಾಬರ್ನೆ ಸೋವಿನ್ಯೋಂ ಮತ್ತು ಸಾಂಜೊವೇಸೆ ಈ ರಾಜ್ಯದ ಅತ್ಯುತ್ತಮ ಕೆಂಪು ವೈನ್‌ಗಳ ಸಾಲಿನಲ್ಲಿ ನಿಲ್ಲುತ್ತವೆ. ಅಲ್ಲಿಗೆ ಹೇಳದೆ ಕೇಳದೆ ಹೋಗಬೇಡಿ, ಮುಂಚಿತವಾಗಿ ವಿಚಾರಿಸಿ ಅನುಮತಿ ಪಡೆಯಿರಿ.

ಯಾವ ತಿಂಗಳಲ್ಲಿ ಹೋದರೆ ಚೆನ್ನ?

ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಜೂನ್, ಜುಲೈನಲ್ಲಿ ಹೋದರೆ ಹಸಿರು ಎಲೆಗಳನ್ನು ನೋಡಿ ಬರಬಹುದು, ಗೊನೆ ಇರುವುದಿಲ್ಲ.

ಒಂದು ಮಾರ್ಚ್ ಮುಂಜಾನೆ ನಾವು ನಾಲ್ವರು ತೋಟವೊಂದರಲ್ಲಿ ಶಿರಾಜ್ ಸಾಲುಗಳ ನಡುವೆ ನಡೆಯುತ್ತಿದ್ದೆವು. ಆರೂವರೆಗೇ ಹೆಂಗಸರು ಬುಟ್ಟಿ ಹಿಡಿದು ಸಾಲಿಗೆ ಇಳಿದಿದ್ದರು, ಬಿಸಿಲು ಏರುವ ಮುನ್ನ ಹಣ್ಣು ಒಳಗೆ ಸೇರಬೇಕಿತ್ತು. ತೋಟದ ಮೇಲ್ವಿಚಾರಕರು ಒಂದು ಹಣ್ಣನ್ನು ಕಿತ್ತು, ಬೆರಳಲ್ಲಿ ಹಿಂಡಿ, ಸಕ್ಕರೆ ಅಳೆಯುವ, ಪೆನ್ನಿನಷ್ಟು ಉದ್ದದ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಅದನ್ನು ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ನೀಲಿ ಮತ್ತು ಬಿಳಿಯ ಗೆರೆ 23ರ ಹತ್ತಿರ ನಿಂತಿತ್ತು. ನೂರರಲ್ಲಿ 23 ಭಾಗ ಸಕ್ಕರೆ ಎಂದು ಸ್ಥೂಲವಾಗಿ ತಿಳಿಯಬಹುದು. ಯೀಸ್ಟ್ ಅದನ್ನೆಲ್ಲ ತಿಂದು ಮುಗಿಸಿದರೆ ಹದಿಮೂರು ಚಿಲ್ಲರೆ ಶೇಕಡಾ ಮದ್ಯಸಾರದ ವೈನ್ ಆಗುತ್ತದೆ. ಆದರೆ ಅವರು ಅಂಕಿಯನ್ನಷ್ಟೇ ನಂಬಲಿಲ್ಲ. ಇನ್ನೊಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನು ಹಲ್ಲಲ್ಲಿ ಅರೆದು, ಬೀಜವನ್ನು ಅಂಗೈಗೆ ಉಗುಳಿ ನೋಡಿದರು. ಬೀಜ ಇನ್ನೂ ಹಸಿರಾಗಿದ್ದರೆ ವೈನಿಗೆ ಕಹಿ ಬರುತ್ತದೆ. ಹುರಿದ ಕಡಲೆಯ ಬಣ್ಣಕ್ಕೆ ತಿರುಗಿ ಕಡಿದರೆ ಕಟುಂ ಎನ್ನಬೇಕು. ನಾನೂ ಹಾಗೆಯೇ ಕಡಿದೆ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ನಾಲಗೆಯ ಅಂಚಿನಲ್ಲಿ ನೇರಳೆ ಹಣ್ಣು ತಿಂದಾಗಿನ ಹಾಗೆ ಒಗರು. ಅಂದಿನಿಂದ ಕೆಂಪು ವೈನ್ ಕುಡಿಯುವಾಗಲೆಲ್ಲ ಆ ಬೀಜದ ನೆನಪು ನನಗೆ ಬರುತ್ತದೆ.

ರುಚಿ ನೋಡುವ ಕೋಣೆಯಲ್ಲಿ ಹೇಗೆ ನಡೆದುಕೊಳ್ಳಬೇಕು? ಉಗುಳಿದರೆ ತಪ್ಪು ತಿಳಿಯುತ್ತಾರೆಯೇ?

ಖಂಡಿತ ಇಲ್ಲ. ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ. ಐದಾರು ವೈನ್‌ಗಳನ್ನು ಸಾಲಾಗಿ ಕೊಟ್ಟಾಗ ಎಲ್ಲವನ್ನೂ ನುಂಗಿದರೆ ನಾಲ್ಕನೆಯದಕ್ಕೆ ನಾಲಗೆ ಮಂಕಾಗುತ್ತದೆ. ಅಂದು ಸುಗಂಧದ್ರವ್ಯ ಹಾಕಿಕೊಳ್ಳಬೇಡಿ, ಹೋಗುವ ಮುನ್ನ ಕಾಫಿಯನ್ನೂ ಎಲೆಅಡಿಕೆಯನ್ನೂ ಬಿಡಿ. ಗ್ಲಾಸನ್ನು ಅದರ ಉದ್ದನೆಯ ಕಾಲಿನಲ್ಲಿ ಹಿಡಿಯಿರಿ, ಬಟ್ಟಲನ್ನು ಅಂಗೈಯಲ್ಲಿ ಹಿಡಿದರೆ ವೈನ್ ಬಿಸಿಯಾಗುತ್ತದೆ.

ರುಚಿಯನ್ನು ಹೆಸರಿಸಲು ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂಬ ಕಾಣದ ಹಣ್ಣುಗಳ ಹಿಂದೆ ಹೋಗಬೇಕಾಗಿಲ್ಲ. ನೇರಳೆ, ಪನ್ನೇರಳೆ, ಸೀಬೆ, ಚಕ್ಕೋತ, ಒಣದ್ರಾಕ್ಷಿ, ಕಾಳುಮೆಣಸು, ಲವಂಗ, ಮಳೆ ಬಿದ್ದ ಮಣ್ಣು, ಹೊಗೆ ಹಿಡಿದ ತೊಲೆ ಇವೆಲ್ಲ ನಮ್ಮ ಮೂಗಿಗೆ ಬಾಲ್ಯದಿಂದ ಗೊತ್ತಿರುವ ವಾಸನೆಗಳು. ಟ್ಯಾನಿನ್ ಎಂದು ಇಂಗ್ಲಿಷಿನವರು ಕಷ್ಟಪಟ್ಟು ವಿವರಿಸುವುದನ್ನು ಬಾಳೆಕಾಯಿಯ, ಅಡಿಕೆಯ ಒಗರು ಬಲ್ಲ ಕನ್ನಡಿಗರಿಗೆ ಒಂದೇ ಪದದಲ್ಲಿ ಹೇಳಬಹುದು. ನಮಗೆ ಈ ವಿಷಯದಲ್ಲಿ ಭಾಷೆಯ ಬಡತನವಿಲ್ಲ.

ಕೆಂಪು, ಬಿಳಿ, ರೋಸೆ: ವ್ಯತ್ಯಾಸ ದ್ರಾಕ್ಷಿಯ ಬಣ್ಣದ್ದೇ?

ಬಣ್ಣಕ್ಕಿಂತ ಸಿಪ್ಪೆಯದ್ದು. ಕಪ್ಪು ದ್ರಾಕ್ಷಿಯ ರಸವೂ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಸಿಪ್ಪೆ, ಬೀಜಗಳ ಜೊತೆ ಹಲವು ದಿನ ಹುದುಗಿಸಿದರೆ ಕೆಂಪು ವೈನ್. ಸಿಪ್ಪೆಯ ಜೊತೆ ಕೆಲವು ಗಂಟೆ ಇಟ್ಟು ರಸ ಬೇರ್ಪಡಿಸಿದರೆ ರೋಸೆ. ಮೊದಲೇ ಹಿಂಡಿ ರಸವನ್ನಷ್ಟೇ ತಂಪಿನಲ್ಲಿ ಹುದುಗಿಸಿದರೆ ಬಿಳಿ.

ಅಂಗಡಿಯಲ್ಲಿ ಸಿಗುವ ಸಿಹಿ ‘ಪೋರ್ಟ್ ವೈನ್’ ಇದೇ ಬಗೆಯದೇ?

ಅದು ಬೇರೆ. ಮೂಲ ಪೋರ್ಟ್, ಪೋರ್ಚುಗಲ್ಲಿನ ಡೌರೊ ಕಣಿವೆಯಲ್ಲಿ ಹುದುಗುತ್ತಿರುವ ರಸಕ್ಕೆ ದ್ರಾಕ್ಷಿಯ ಮದ್ಯಸಾರ ಬೆರೆಸಿ ಮಾಡುವಂಥದ್ದು. ನಮ್ಮಲ್ಲಿ ಆ ಹೆಸರಿನಲ್ಲಿ ಮಾರುವ ಬಹುಪಾಲು ಬಾಟಲಿಗಳು ಸಿಹಿ ಸೇರಿಸಿದ ಅಗ್ಗದ ವೈನ್‌ಗಳು. ಅದನ್ನು ಕುಡಿದು ‘ವೈನ್ ನನಗೆ ಹಿಡಿಸುವುದಿಲ್ಲ’ ಎಂದು ತೀರ್ಮಾನಿಸಿದವರು ಒಮ್ಮೆ ತಣ್ಣಗಿನ ಶೆನಿನ್ ಬ್ಲಾಂ ಕುಡಿದು ನೋಡಲಿ ಎಂದು ಕೋರುತ್ತೇನೆ.

ನಮ್ಮ ಖಾರದ ಊಟಕ್ಕೆ ವೈನ್ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಎರಡು ಸಂಗತಿಗಳನ್ನು ತಿಳಿದಿರಬೇಕು. ಮದ್ಯಸಾರವೂ ಒಗರೂ ಮೆಣಸಿನ ಖಾರವನ್ನು ಹೆಚ್ಚಿಸುತ್ತವೆ. ಸಣ್ಣ ಸಿಹಿಯೂ ತಂಪೂ ಅದನ್ನು ತಗ್ಗಿಸುತ್ತವೆ. ಆದ್ದರಿಂದ ಗುಂಟೂರು ಮೆಣಸಿನ ಕೋಳಿಗೆ ಓಕ್ ಪೀಪಾಯಿಯಲ್ಲಿ ಮಾಗಿಸಿದ ಗಡುಸಾದ ಕ್ಯಾಬರ್ನೆ ಇಟ್ಟರೆ ಎರಡೂ ಕೆಡುತ್ತವೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ ಇರುವಂಥದ್ದಾದ್ದರಿಂದ ಅದರ ಅಡುಗೆಗಳು ವೈನಿನ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತವೆ.

ನಮ್ಮ ಮನೆಯಲ್ಲಿ ಮಾಡಿ ನೋಡಿ ಮೆಚ್ಚಿದ ಜೋಡಿಗಳನ್ನು ಹೇಳುತ್ತೇನೆ. ಕಾಣೆ ಮೀನಿನ ರವಾ ಫ್ರೈಗೆ ನಿಂಬೆ ಹಿಂಡುವ ಬದಲು ಪಕ್ಕದಲ್ಲಿ ಸೋವಿನ್ಯೋಂ ಬ್ಲಾಂ ಇಡಿ. ಅದರ ಹುಳಿಯೇ ನಿಂಬೆಯ ಕೆಲಸ ಮಾಡುತ್ತದೆ. ನೀರುದೋಸೆ ಮತ್ತು ತೆಂಗಿನಹಾಲಿನ ಕೋಳಿ ಸಾರಿಗೆ ವಿಯೋನ್ಯೆ. ದೊನ್ನೆ ಬಿರಿಯಾನಿಯ ಪುದೀನ, ಕೊತ್ತಂಬರಿಯ ಹಸಿರು ಘಮಕ್ಕೆ ತುಸು ಸಿಹಿಯಿರುವ ಶೆನಿನ್ ಬ್ಲಾಂ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟಕ್ಕೆ ತಣ್ಣಗಿನ ಒಣ ರೋಸೆಯಷ್ಟು ಚೆನ್ನಾಗಿ ಹೊಂದುವ ಇನ್ನೊಂದನ್ನು ನಾನು ಕಂಡಿಲ್ಲ. ಕೊಡಗಿನ ಪಂದಿ ಕರಿಗೆ ಶಿರಾಜ್ ಬೇಕು. ಕರಿಮೆಣಸಿನ ವಾಸನೆ ಎರಡರಲ್ಲೂ ಇದೆ, ಕಾಚಂಪುಳಿಯ ಗಾಢ ಹುಳಿ ಕೊಬ್ಬನ್ನೂ ಒಗರನ್ನೂ ಒಂದುಗೂಡಿಸುತ್ತದೆ. ಮೈಸೂರು ಪಾಕಿಗೆ ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನು. ಸಿಹಿ ತಿಂಡಿಗಿಂತ ವೈನ್ ಒಂದು ಗುಟುಕು ಹೆಚ್ಚು ಸಿಹಿಯಾಗಿರಬೇಕು, ಇಲ್ಲವಾದರೆ ಹುಳಿಯಷ್ಟೇ ನಾಲಗೆಗೆ ತಗಲುತ್ತದೆ. ಬಿಸಿಬೇಳೆ ಬಾತಿಗೆ, ಹುಣಸೆಹಣ್ಣಿನ ಸಾರಿಗೆ ಹೊಂದುವ ವೈನನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಮನೆಯಲ್ಲಿ ಬಾಟಲಿಯನ್ನು ಹೇಗೆ ಇಡಬೇಕು, ಎಷ್ಟು ತಣ್ಣಗೆ ಬಡಿಸಬೇಕು?

‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು’ ಎಂಬ ಮಾತು ಯುರೋಪಿನ ತಂಪು ಮನೆಗಳದ್ದು. ಅಲ್ಲಿನ ಕೋಣೆ 17–18 ಡಿಗ್ರಿ, ಏಪ್ರಿಲ್‌ನಲ್ಲಿ ನಮ್ಮ ಕೋಣೆ 30ರ ಆಸುಪಾಸು. ಕೆಂಪು ವೈನನ್ನು ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ ಮತ್ತು ರೋಸೆಗೆ 8ರಿಂದ 12 ಡಿಗ್ರಿ ಸಾಕು, ನೊರೆಯುಕ್ಕುವ ವೈನ್ ಇನ್ನೂ ತಣ್ಣಗಿರಲಿ.

ಬಿರಡೆಯಿರುವ ಬಾಟಲಿಯನ್ನು ಮಲಗಿಸಿ, ಕತ್ತಲಿನಲ್ಲಿ, ಅಲುಗಾಡದ ಜಾಗದಲ್ಲಿ ಇಡಬೇಕು. ಇದನ್ನು ನಾನು ನಷ್ಟದಿಂದ ಕಲಿತೆ. ಮದುವೆಯ ವರ್ಷದ ನೆನಪಿಗೆಂದು ಎತ್ತಿಟ್ಟಿದ್ದ ಒಂದು ಕೆಂಪು ವೈನನ್ನು ಅಡುಗೆಮನೆಯ ಅಟ್ಟದ ಮೇಲೆ ಎರಡು ಬೇಸಿಗೆ ಇಟ್ಟಿದ್ದೆ. ತೆಗೆದಾಗ ಬಿರಡೆ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು, ಕತ್ತಿನ ಸುತ್ತ ಅಂಟು. ಗ್ಲಾಸಿಗೆ ಬಗ್ಗಿಸಿದರೆ ಇಟ್ಟಿಗೆಯ ಬಣ್ಣ, ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಆ ವೈನನ್ನು ನಾವು ಕುಡಿಯಲಾಗಲಿಲ್ಲ, ಆ ಬೇಸರ ಇಂದಿಗೂ ಇದೆ. ವೈನ್ ಫ್ರಿಜ್ ಇಲ್ಲದವರು ಮಾಮೂಲಿ ಫ್ರಿಜ್ಜಿನ ತರಕಾರಿ ಖಾನೆಯಲ್ಲಿ ಕೆಲವು ತಿಂಗಳು ಇಡಬಹುದು. ಅಟ್ಟ, ಕಿಟಕಿ, ಒಲೆಯ ಪಕ್ಕ ಯಾವತ್ತೂ ಬೇಡ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಹಾಳಾಗುವುದಿಲ್ಲ.

ವೈನ್ ಹಳೆಯದಾದಷ್ಟೂ ಒಳ್ಳೆಯದಲ್ಲವೇ?

ಎಲ್ಲ ವೈನ್‌ಗಳಿಗೂ ಈ ಮಾತು ಹೊಂದುವುದಿಲ್ಲ. ನಮ್ಮ ಬಿಳಿ ಮತ್ತು ರೋಸೆಗಳನ್ನು ಕೊಯ್ಲಿನ ವರ್ಷದಿಂದ ಎರಡು ವರ್ಷದೊಳಗೆ ಕುಡಿಯುವುದು ಲೇಸು. ಲೇಬಲ್ಲಿನ ಮೇಲಿನ ಇಸವಿ ಕೊಯ್ಲಿನದ್ದು. ಅಂಗಡಿಯಲ್ಲಿ ಅದನ್ನು ನೋಡಿಯೇ ಕೊಳ್ಳಿ.

ಎಲ್ಲಿ ಕೊಳ್ಳುವುದು ಸೂಕ್ತ?

ನಮ್ಮಲ್ಲಿ ‘ವೈನ್ ಸ್ಟೋರ್’ ಎಂದು ಫಲಕವಿರುವ ಅಂಗಡಿಗಳಲ್ಲಿ ಹೆಚ್ಚಿನವು ವಿಸ್ಕಿ, ರಮ್, ಬಿಯರ್ ಮಾರುವಂಥವು. ವೈನ್ ಇದ್ದರೂ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನೇರವಾಗಿ ನಿಂತಿರುತ್ತದೆ. ಎ.ಸಿ. ಇರುವ, ಬಾಟಲಿಗಳನ್ನು ಮಲಗಿಸಿಟ್ಟಿರುವ, ಸರಕು ಬೇಗ ಖರ್ಚಾಗುವ ಅಂಗಡಿಯನ್ನು ಆರಿಸಿಕೊಳ್ಳಿ. ವೈನನ್ನಷ್ಟೇ ಮಾರುವ ಬೋಟಿಕ್‌ಗಳೂ ಬೆಂಗಳೂರಿನಲ್ಲಿವೆ. ವೈನರಿಗೆ ಹೋದಾಗ ಅಲ್ಲಿಯೇ ಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಬಾಟಲಿ ಲಾರಿಯ ಬಿಸಿಲನ್ನು ಕಂಡಿರುವುದಿಲ್ಲ. ವೈನ್ ಮಂಡಳಿ ನಡೆಸುವ ಮೇಳಗಳಲ್ಲಿ ಹಲವು ತಯಾರಕರನ್ನು ಒಂದೇ ಕಡೆ ಭೇಟಿಯಾಗಬಹುದು.

ಗಾಂಧಿ ಜಯಂತಿಯಂದು ಮಾರಾಟ ಇರುವುದಿಲ್ಲ, ಚುನಾವಣೆಯ ಮತದಾನ ಮುಗಿಯುವ ಹಿಂದಿನ 48 ಗಂಟೆಗಳ ಅವಧಿಯಲ್ಲೂ ಇರುವುದಿಲ್ಲ.

ಮಡಿಕೇರಿಯಲ್ಲಿ ಮಾರುವ ‘ಹೋಂಮೇಡ್ ವೈನ್’ ಕೊಳ್ಳಬಹುದೇ?

ಕೊಡಗಿನಲ್ಲಿ ನೆಲ್ಲಿ, ಅನಾನಸ್, ಪ್ಯಾಶನ್‌ಫ್ರೂಟ್, ಶುಂಠಿ, ವೀಳ್ಯದೆಲೆಯಿಂದಲೂ ವೈನ್ ಮಾಡುವ ರೂಢಿಯಿದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್ ಮಾಡುತ್ತಾರೆ. ಮನೆಗೆ ಕರೆದು ಕೊಟ್ಟ ಆ ಲೋಟದ ಪ್ರೀತಿ ದೊಡ್ಡದು. ಆದರೆ ಪರವಾನಗಿಯಿಲ್ಲದೆ ತಯಾರಿಸಿ ಮಾರುವುದು ಅಬಕಾರಿ ಕಾನೂನಿಗೆ ವಿರುದ್ಧ, ಬಾಟಲಿಯಲ್ಲಿ ಏನು ಬೆರೆತಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಲೇಬಲ್, ಪರವಾನಗಿ ಸಂಖ್ಯೆ, ಮದ್ಯಸಾರದ ಪ್ರಮಾಣ ಅಚ್ಚಾಗಿರುವ ಬಾಟಲಿಯನ್ನು ಮಾತ್ರ ಕೊಳ್ಳಿ.

ಬೆಂಗಳೂರಿನಲ್ಲಿ ಒಳ್ಳೆಯ ಕಾಕ್‌ಟೇಲ್ ಎಲ್ಲಿ ಸಿಗುತ್ತದೆ?

ಬಿಯರಿನ ಊರು ಎಂದೇ ಹೆಸರಾಗಿದ್ದ ಬೆಂಗಳೂರು ಈಗ ಕಾಕ್‌ಟೇಲ್‌ನಲ್ಲೂ ಬಹಳ ಮುಂದೆ ಬಂದಿದೆ. ಏಷ್ಯಾದ 50 ಅತ್ಯುತ್ತಮ ಬಾರ್‌ಗಳ 2025ರ ಪಟ್ಟಿಯಲ್ಲಿ ಈ ನಗರದ ಮೂರು ಬಾರ್‌ಗಳಿದ್ದವು: ಸೋಕಾ, ಝೆಡ್‌ಎಲ್‌ಬಿ23 ಮತ್ತು ಬಾರ್ ಸ್ಪಿರಿಟ್ ಫಾರ್ವರ್ಡ್. ಸೋಕಾ ಇಂದಿರಾನಗರ ಕಡೆಯ ಚಿಕ್ಕ ಜಾಗ, ಅಲ್ಲಿ ಕಾಕ್‌ಟೇಲಿನ ಜೊತೆ ತಿನಿಸಿಗೂ ಸಮಾನ ಮರ್ಯಾದೆ. ಝೆಡ್‌ಎಲ್‌ಬಿ23 ಹಳೆ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ಹೋಟೆಲಿನೊಳಗೆ ಮರೆಯಾಗಿರುವ, ಅಡುಗೆಮನೆಯ ಹಾದಿಯಿಂದ ಒಳಹೋಗುವ ಬಾರ್. ಬಾರ್ ಸ್ಪಿರಿಟ್ ಫಾರ್ವರ್ಡ್ ಹೆಸರೇ ಹೇಳುವಂತೆ ಮದ್ಯದ ಮೂಲ ರುಚಿಯನ್ನು ಮುಂದಿಡುವ ಜಾಗ. ಬಳ್ಳಾರಿ ರಸ್ತೆಯ ಫೋರ್ ಸೀಸನ್ಸ್ ಹೋಟೆಲಿನ ಮೇಲಂತಸ್ತಿನಲ್ಲಿರುವ ಕೊಪಿಟಾಸ್ ಕೂಡ ಹಿಂದಿನ ವರ್ಷಗಳಲ್ಲಿ ಇದೇ ಪಟ್ಟಿಗೆ ಸೇರಿತ್ತು.

ಪಟ್ಟಿಗಳ ಬೆನ್ನು ಹತ್ತುವುದಕ್ಕಿಂತ ಬಾರ್‌ಟೆಂಡರ್ ಎದುರಿನ ಕಟ್ಟೆಯಲ್ಲಿ ಕುಳಿತು ಮಾತಾಡುವುದು ನನಗೆ ಹೆಚ್ಚು ಇಷ್ಟ. ವಾರದ ನಡುವೆ, ಸಂಜೆ ಏಳರ ಒಳಗೆ ಹೋದರೆ ಅವರಿಗೂ ಪುರುಸೊತ್ತು ಇರುತ್ತದೆ. ‘ಹುಳಿ ಇರಲಿ, ಸಿಹಿ ಬೇಡ’ ಎಂದಷ್ಟು ಹೇಳಿದರೂ ಒಳ್ಳೆಯ ಬಾರ್‌ಟೆಂಡರ್ ನಿಮಗೆ ಸರಿಹೊಂದುವುದನ್ನು ಮಾಡಿಕೊಡುತ್ತಾರೆ.

ಕಾಕ್‌ಟೇಲಿನಲ್ಲೂ ನಮ್ಮ ನಾಡಿನದ್ದನ್ನೇ ಕೇಳಬಹುದೇ?

ಕೇಳಲೇಬೇಕು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಗಿ ಹೆಸರು ಮಾಡಿದ್ದು ಎಲ್ಲರಿಗೂ ಗೊತ್ತು. ಅವರ ‘ನೀಲ್ಗಿರೀಸ್’ ಜಿನ್ ಮತ್ತು ‘ಟೂ ಇಂಡೀಸ್’ ರಮ್ ಕಾಕ್‌ಟೇಲಿಗೆ ಬಹಳ ಒಳ್ಳೆಯವು. ನಂಜನಗೂಡಿನ ಕಡೆ ಬೆಲ್ಲದಿಂದ ತಯಾರಾಗುವ ‘ಹುಲಿ’ ರಮ್ಮನ್ನು ಒಮ್ಮೆ ನಿಂಬೆ ಮತ್ತು ಸೋಡಾ ಜೊತೆ ಕುಡಿದು ನೋಡಿ, ಆಲೆಮನೆಯ ಹತ್ತಿರ ನಿಂತ ನೆನಪಾಗುತ್ತದೆ. ಕೋಕಂ, ನನ್ನಾರಿ ಬೇರು, ಕಾಚಂಪುಳಿ, ಮೈಸೂರು ಮಲ್ಲಿಗೆ, ಮಲೆನಾಡಿನ ಜೀರಿಗೆ ಮೆಣಸು ಇವುಗಳಿಂದ ಮಾಡಿದ ಪೇಯ ಉಂಟೇ ಎಂದು ವಿಚಾರಿಸಿ.

ಮನೆಯಲ್ಲಿ ಸುಲಭವಾಗಿ ಮಾಡಬಹುದಾದ್ದು ಒಂದಿದೆ. ದೊಡ್ಡ ಗ್ಲಾಸಿನ ತುಂಬ ಐಸ್, 90 ಮಿಲಿ ಒಣ ರೋಸೆ, 15 ಮಿಲಿ ಸಿಹಿಯಿಲ್ಲದ ಕೋಕಂ ರಸ, ಒಂದು ಚಮಚ ಬೆಲ್ಲದ ಪಾಕ, ಮೇಲೆ 60 ಮಿಲಿ ಸೋಡಾ. ಒಮ್ಮೆ ಮಾತ್ರ ಕದಡಿ. ರೋಸೆಯ ಜಾಗದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ತಾಜಾ ರಸ ಹಾಕಿ ಪಾಕವನ್ನು ಬಿಟ್ಟರೆ ಕುಡಿಯದವರಿಗೂ ಅಷ್ಟೇ ಸೊಗಸಾದ ಪಾನೀಯ ಸಿದ್ಧ.

ವೈನ್ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರಲ್ಲ?

ಆ ಕಾರಣ ಹೇಳಿ ಯಾರೂ ಕುಡಿಯಲು ಆರಂಭಿಸಬಾರದು. ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಲಿವರ್ ತೊಂದರೆಯಿರುವವರು ದೂರವಿರಬೇಕು. ಕುಡಿಯುವವರು ಹೊಟ್ಟೆ ತುಂಬ ಉಂಡು, ಪ್ರತಿ ಗ್ಲಾಸಿಗೆ ಒಂದು ಲೋಟ ನೀರು ಕುಡಿದು, ಎರಡಕ್ಕೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. 750 ಮಿಲಿಯ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್‌ಗಳಿವೆ, ನಾಲ್ವರು ಹಂಚಿಕೊಂಡರೆ ಊಟಕ್ಕೆ ಸಾಕು.

ವೈನರಿಗೆ ಕಾರು ಓಡಿಸಿಕೊಂಡು ಹೋಗಬಹುದೇ?

ಹೋಗುವಾಗ ಓಡಿಸಿದವರೇ ಬರುವಾಗಲೂ ಓಡಿಸಬೇಕಾದರೆ ಅವರು ರುಚಿ ನೋಡಿ ಉಗುಳಿದರೂ ಸಾಲದು, ಗ್ಲಾಸನ್ನೇ ಮುಟ್ಟಬಾರದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಸಂಜೆ ಹೊತ್ತು ದನಕರು, ಟ್ರ್ಯಾಕ್ಟರ್, ಘಾಟಿ ಸುಬ್ರಹ್ಮಣ್ಯದಿಂದ ಮರಳುವ ಭಕ್ತರ ವಾಹನಗಳು ತುಂಬಿರುತ್ತವೆ. ನಾವು ಯಾವಾಗಲೂ ಆರು ಜನ ಸೇರಿ ಚಾಲಕರಿರುವ ಟೆಂಪೊ ಮಾಡಿಕೊಂಡು ಹೋಗುತ್ತೇವೆ. ಚಾಲಕರಿಗೆ ಮಧ್ಯಾಹ್ನದ ಊಟವನ್ನು ನಮ್ಮ ಜೊತೆಯೇ ಹೇಳಿರುತ್ತೇವೆ. ಬರುವಾಗ ದಾರಿಯಲ್ಲಿ ರೈತರು ಬುಟ್ಟಿಯಲ್ಲಿಟ್ಟು ಮಾರುವ ಬೆಂಗಳೂರು ನೀಲಿಯನ್ನು ಎರಡು ಕಿಲೋ ಕಟ್ಟಿಸಿಕೊಳ್ಳುತ್ತೇವೆ, ಮನೆಯ ಮಕ್ಕಳಿಗೆ.